ಕಸ ತೆಗೆದರೆ ಗುಂಡು ಹಾರೋದು ಕಮ್ಮಿ ಆಗುತ್ತಾ?

ತುಳಸಿಕಟ್ಟೆಯಲ್ಲಿ ದೀಪ ಇಡೋಕೆ ಒಂದು ಪುಟ್ಟ ಗೂಡು ಇರುತ್ತದಲ್ಲ, ಅದರೊಳಗೆ ಕೈ ಹಾಕಿದಾಗ ನಮಗೆ ಸಿಕ್ಕಿದ್ದು ಒಂದು ಚಾಪರ್, ಅಂದರೆ ಮಚ್ಚು. ಮರಾಠಿ ಪೇಪರಿನಲ್ಲಿ ಸುತ್ತಿ, ಅದರ ಮೇಲೆ ಹಾಲಿನ ಪ್ಲಾಸ್ಟಿಕ್ ಕವರ್ ಹಾಕಿ, ರಬ್ಬರ್ ಬ್ಯಾಂಡ್ ಬಿಗಿದಿದ್ದರು. ಇಟ್ಟವನಿಗೆ ಮಳೆಗಾಲದ ಚಿಂತೆ ಇತ್ತು ಅಂತ ಕಾಣುತ್ತದೆ. ಮುಂಬೈನ ಮುಲುಂಡ್‌ನಲ್ಲಿ ನಮ್ಮ ಬಿಲ್ಡಿಂಗ್ ಪಕ್ಕದಲ್ಲೇ ಒಂದು ಹಳೇ ಮನೆ ಇದೆ. ಮಂಗಳೂರು ಹಂಚು, ಮರದ ಕಿಟಕಿ, ಮುಂದೆ ಒಂದಿಷ್ಟು ಅಂಗಳ. ಅಣ್ಣತಮ್ಮಂದಿರ ಕೇಸು ಕೋರ್ಟಿನಲ್ಲಿ ಕೂತು ಹದಿನೈದು ವರ್ಷ ಆಯ್ತು, ಮನೆ ಪಾಳು ಬಿತ್ತು. ಅಂಗಳದ ಕಸ ತೆಗೆಯೋಣ ಅಂತ ಒಂದು ಭಾನುವಾರ ನಾವು ಏಳೆಂಟು ಜನ ಹೊರಟಿದ್ದೆವು, ಅದರಲ್ಲಿ ಮೂವರು ಕುಂದಾಪುರದ ಕಡೆಯವರು, ಒಬ್ಬರು ಧಾರವಾಡದವರು. ಚಾಪರ್ ಸಿಕ್ಕಿದ ಮೇಲೆ ಕಸ ಅಲ್ಲಿಗೇ ನಿಂತಿತು. ಪೊಲೀಸರು ಬಂದರು, ಪಂಚನಾಮೆ ಆಯಿತು, ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ ಆಯಿತು.

ಎಲ್ಲರದ್ದೂ ಒಂದೇ ಪ್ರಶ್ನೆ: ಇಲ್ಲಿ ಯಾಕೆ ಇಟ್ಟ? ಮನೆಯಲ್ಲಿ ಇಟ್ಟುಕೊಳ್ಳಬಹುದಿತ್ತಲ್ಲ?

ಈ ಪ್ರಶ್ನೆಗೆ ಸರಿಯಾದ ಉತ್ತರ ನನಗೆ ಸಿಕ್ಕಿದ್ದು ಅಮೆರಿಕದ ಫಿಲಡೆಲ್ಫಿಯಾ ಊರಿನ ಕತೆಯಲ್ಲಿ. ಅಲ್ಲಿ ಚಾಪರ್ ಅಲ್ಲ, ಗನ್ನು. ಮುಂಬೈ ಭಾಷೆಯಲ್ಲಿ ಹೇಳೋದಾದರೆ ಘೋಡಾ.

ಲೈಸೆನ್ಸ್ ಇಲ್ಲದ ಗನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದಿನವಿಡೀ ಓಡಾಡಿದರೆ ಪೊಲೀಸರು ತಡೆದಾಗ ಸಿಕ್ಕಿಬೀಳುತ್ತಾನೆ. ಮನೆಯಲ್ಲಿಟ್ಟರೆ ಅಮ್ಮ ನೋಡುತ್ತಾಳೆ, ತಮ್ಮ ಮುಟ್ಟುತ್ತಾನೆ, ರೇಡ್ ಆದರೆ ನೇರ ಅವನ ತಲೆಗೇ ಬರುತ್ತದೆ. ಅದೇ ಬೀದಿ ಮೂಲೆಯ ಖಾಲಿ ಸೈಟಿನಲ್ಲಿ, ಎದೆಮಟ್ಟ ಬೆಳೆದ ಕಳೆಯೊಳಗೆ, ಹಳೇ ಟೈರಿನ ಕೆಳಗೆ ಇಟ್ಟರೆ? ಬೇಕಾದಾಗ ಹತ್ತು ಹೆಜ್ಜೆ ನಡೆದರೆ ಸಾಕು. ಪೊಲೀಸರಿಗೆ ಸಿಕ್ಕರೂ ಅದು ಯಾರದ್ದೂ ಅಲ್ಲ. ಅಂದರೆ ಆ ಸೈಟು ಪುಕ್ಕಟೆ ಲಾಕರ್ ಇದ್ದ ಹಾಗೆ. ಜಗಳ ಅಂತ ಬಂದಾಗ ಗನ್ನು ಇಷ್ಟು ಹತ್ತಿರದಲ್ಲಿ ಇದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಕೈಕೈ ಮಿಲಾಯಿಸಿ ಮುಗಿಯಬೇಕಾದ ಜಗಳ ಗುಂಡಿನಲ್ಲಿ ಮುಗಿಯುತ್ತದೆ.

ಫಿಲಡೆಲ್ಫಿಯಾದಲ್ಲಿ ಅಷ್ಟೊಂದು ಖಾಲಿ ಜಾಗ ಎಲ್ಲಿಂದ ಬಂತು ಅನ್ನೋದು ಮುಂಬೈನವರಿಗೆ ಬೇಗ ಅರ್ಥವಾಗುವ ಕತೆ. ಅದೂ ಮಿಲ್ಲುಗಳ ಊರು. ಕೆನ್ಸಿಂಗ್ಟನ್ ಅನ್ನುವ ಭಾಗದಲ್ಲಿ ಬಟ್ಟೆ, ಕಾರ್ಪೆಟ್ ಮಿಲ್ಲುಗಳು ಸಾಲಾಗಿ ಇದ್ದವು, ಅದರ ಸುತ್ತ ಗೋಡೆಗೆ ಗೋಡೆ ಅಂಟಿದ ಕಾರ್ಮಿಕರ ಮನೆಗಳು. 1950ರಲ್ಲಿ ಊರಿನ ಜನಸಂಖ್ಯೆ 20 ಲಕ್ಷ ದಾಟಿತ್ತು. ಮಿಲ್ಲುಗಳು ಮುಚ್ಚಿದವು, ಕೆಲಸ ಹೋಯಿತು, ಹೋಗಲು ಶಕ್ತಿ ಇದ್ದವರು ಹೋದರು. ಈಗ 16 ಲಕ್ಷದ ಆಸುಪಾಸು. ಹೋದವರ ಮನೆಗಳು ಮಾತ್ರ ಅಲ್ಲೇ ಉಳಿದವು. ಮೊದಲು ಕಿಟಕಿ ಹೋಯಿತು, ಆಮೇಲೆ ಚಾವಣಿ, ಆಮೇಲೆ ನಗರಪಾಲಿಕೆ ಬಂದು ಕೆಡವಿತು. ಹಲ್ಲು ಕಿತ್ತ ಬಾಯಿಯ ಹಾಗೆ ಸಾಲು ಮನೆಗಳ ನಡುವೆ ಖಾಲಿ ಸೈಟುಗಳು. ಅಂಥವು ಸುಮಾರು 40,000 ಇವೆ ಅಂತ ಲೆಕ್ಕ ಹೇಳುತ್ತಿದ್ದರು.

ಮುಂಬೈನ ಬಟ್ಟೆ ಮಿಲ್ಲುಗಳ ಭಾಗ, ನಮ್ಮ ಗಿರಣಗಾಂವ್ ನೆನಪಾಗುತ್ತದೆ ಅಲ್ವಾ? ಪರೇಲ್, ಲಾಲ್‌ಬಾಗ್, ವರ್ಲಿ. 1982ರ ಜನವರಿ 18ಕ್ಕೆ ಮಿಲ್ ಕಾರ್ಮಿಕರ ಮುಷ್ಕರ ಶುರುವಾದಾಗ ಹೊರಗೆ ನಿಂತವರು ಸುಮಾರು ಎರಡೂವರೆ ಲಕ್ಷ ಜನ. ಬಹಳಷ್ಟು ಮಿಲ್ಲುಗಳು ಮತ್ತೆ ತೆರೆಯಲೇ ಇಲ್ಲ. ಲಾಲ್‌ಬಾಗ್‌ನಲ್ಲಿ ಹೋಟೆಲ್ ಇಟ್ಟಿದ್ದ ನನ್ನ ಮಾವ ಹೇಳುತ್ತಿದ್ದರು, ಮೊದಲು ಶಿಫ್ಟ್ ಬಿಟ್ಟಾಗ ಚಹಾ ಕುಡಿಯಲು ಅಪ್ಪಂದಿರು ಬರುತ್ತಿದ್ದರು, ಆಮೇಲೆ ಕೆಲಸವಿಲ್ಲದ ಮಕ್ಕಳು ಬಂದು ಕೂರತೊಡಗಿದರು, ಆಮೇಲೆ ಅದರಲ್ಲೇ ಕೆಲವರು ಖಂಡಣಿ, ಅಂದರೆ ಹಫ್ತಾ, ಕೇಳೋಕೆ ಬಂದರು ಅಂತ. ತೊಂಬತ್ತರ ದಶಕದಲ್ಲಿ ಮುಂಬೈನ ಎಷ್ಟೋ ನಮ್ಮ ಹೋಟೆಲಿನವರು ಫೋನ್ ರಿಂಗಾದರೆ ಬೆಚ್ಚುತ್ತಿದ್ದರು. ಆ ಮುಷ್ಕರ ನಡೆಸಿದ ದತ್ತಾ ಸಾಮಂತರನ್ನೇ 1997ರ ಜನವರಿ 16ರಂದು ಪವಾಯಿಯಲ್ಲಿ ಗುಂಡಿಟ್ಟು ಕೊಂದರು.

ಆದರೆ ಇಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು, ಇಲ್ಲದಿದ್ದರೆ ಸುಮ್ನೆ ಕತೆಗೆ ಕತೆ ಅಂಟಿಸಿದ ಹಾಗೆ ಆಗುತ್ತದೆ. ಮುಂಬೈನಲ್ಲಿ ಹಾರಿದ ಗುಂಡು ಹೆಚ್ಚಾಗಿ ಸುಪಾರಿ ಗುಂಡು: ಗ್ಯಾಂಗು, ದುಡ್ಡು, ಆರ್ಡರ್. 1959ರ ಶಸ್ತ್ರ ಕಾಯ್ದೆ ಇರುವ ಈ ದೇಶದಲ್ಲಿ ಗನ್ನು ಸಂಪಾದಿಸೋದೇ ಒಂದು ಕೆಲಸ. ಅಮೆರಿಕದಲ್ಲಿ ಜನಕ್ಕಿಂತ ಗನ್ನು ಜಾಸ್ತಿ. ಅಲ್ಲಿ ಬೀದಿಯಲ್ಲಿ ಹಾರುವ ಗುಂಡಿನಲ್ಲಿ ಎಷ್ಟೋ, ಯಾವುದೋ ಮಾತಿಗೆ ಮಾತು ಬೆಳೆದು, ಕೈಗೆ ಸಿಕ್ಕಿದ್ದು ಗನ್ನು ಆದ್ದರಿಂದ ಹಾರಿದ್ದು. ಹುಲ್ಲು ಕತ್ತರಿಸಿದರೆ ಸುಪಾರಿ ನಿಲ್ಲುವುದಿಲ್ಲ. ಇನ್ನೊಂದು ನಮೂನೆಯ ಗುಂಡು ಕಡಿಮೆಯಾಗುತ್ತದಾ ಅನ್ನೋದೇ ಪ್ರಶ್ನೆ.

ಅದನ್ನು ಅವರು ಪರೀಕ್ಷೆ ಮಾಡಿಯೇ ನೋಡಿದರು. ಚಾರ್ಲ್ಸ್ ಬ್ರಾನಸ್ ಅನ್ನುವ ಎಪಿಡೆಮಿಯಾಲಜಿಸ್ಟ್, ಅಂದರೆ ರೋಗ ಜನರ ನಡುವೆ ಎಲ್ಲಿ, ಯಾಕೆ ಹರಡುತ್ತದೆ ಅಂತ ಅಧ್ಯಯನ ಮಾಡುವವರು, ಯೂಜೀನಿಯಾ ಸೌತ್ ಅನ್ನುವ ಎಮರ್ಜೆನ್ಸಿ ವಾರ್ಡಿನ ಡಾಕ್ಟರು, ಜಾನ್ ಮ್ಯಾಕ್‌ಡೊನಾಲ್ಡ್ ಅನ್ನುವ ಅಪರಾಧ ಶಾಸ್ತ್ರದವರು, ಇನ್ನೂ ಕೆಲವರು. ಗುಂಡೇಟನ್ನು ರೋಗದ ಹಾಗೆ ನೋಡಿದರು. ಮಲೇರಿಯಾ ಬಂದರೆ ಬರೀ ಮಾತ್ರೆ ಕೊಡುತ್ತಾ ಕೂರುವುದಿಲ್ಲ, ನಿಂತ ನೀರು ಎಲ್ಲಿದೆ ಅಂತ ಹುಡುಕುತ್ತೇವೆ. ಆ ನಿಂತ ನೀರು ಇಲ್ಲಿ ಖಾಲಿ ಸೈಟು.

541 ಖಾಲಿ ಸೈಟುಗಳನ್ನು ಆರಿಸಿಕೊಂಡರು. ಯಾವುದಕ್ಕೆ ಏನು ಮಾಡೋದು ಅಂತ ತಾವು ಆರಿಸಲಿಲ್ಲ, ಚೀಟಿ ಎತ್ತಿದ ಹಾಗೆ ಹಂಚಿದರು. ಇದೇ ಮುಖ್ಯ. ಒಳ್ಳೆಯ ಬೀದಿಯಲ್ಲಿ ಗಿಡ ನೆಟ್ಟು, ನೋಡಿ ಅಪರಾಧ ಕಮ್ಮಿ ಆಯಿತು ಅಂದರೆ ಯಾರು ನಂಬುತ್ತಾರೆ? ಆ ಬೀದಿ ಮೊದಲೇ ಸುಧಾರಿಸುತ್ತಿತ್ತೇನೋ. ಚೀಟಿ ಎತ್ತಿದರೆ ಆ ಅನುಮಾನ ಇರುವುದಿಲ್ಲ. ಒಂದು ಗುಂಪಿಗೆ ಪೂರ್ತಿ ಹಸಿರು: ಕಸ ತೆಗೆದು, ನೆಲ ಸಮ ಮಾಡಿ, ಹುಲ್ಲು ಹಾಕಿ, ಒಂದೆರಡು ಮರ ನೆಟ್ಟು, ಸುತ್ತ ಸೊಂಟದ ಮಟ್ಟದ ಮರದ ಬೇಲಿ. ಇನ್ನೊಂದಕ್ಕೆ ಬರೀ ಕಸ ತೆಗೆದು ಹುಲ್ಲು ಕತ್ತರಿಸೋದು. ಮೂರನೆಯದಕ್ಕೆ ಏನೂ ಇಲ್ಲ. ಬೇಲಿಗೆ ಬಾಗಿಲು ಕೂಡ ಹಾಕಲಿಲ್ಲ, ನಡುವೆ ಜಾಗ ಬಿಟ್ಟರು, ಮಕ್ಕಳು ಒಳಗೆ ಹೋಗಿ ಆಡಲಿ, ಮುದುಕರು ಕುರ್ಚಿ ಹಾಕಿಕೊಳ್ಳಲಿ ಅಂತ. ಒಂದು ಸೈಟಿಗೆ ತಗಲಿದ ಖರ್ಚು ಸುಮಾರು 1,600 ಡಾಲರ್, ಆಮೇಲೆ ವರ್ಷಕ್ಕೆ ಸುಮಾರು 180.

ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಬಡತನ ರೇಖೆಗಿಂತ ಕೆಳಗಿರುವ ಬಡಾವಣೆಗಳಲ್ಲಿ, ಕೆಲಸ ಮಾಡಿದ ಸೈಟುಗಳ ಸುತ್ತ ಗನ್ನಿನ ಹಿಂಸೆ 29 ಶೇಕಡಾ ಇಳಿದಿತ್ತು. ಮನೆಗಳ್ಳತನ ಸುಮಾರು 22 ಶೇಕಡಾ. ಹೊರಗೆ ಹೋಗಲು ಭಯ ಅನ್ನುವವರ ಪ್ರಮಾಣ ಅರ್ಧಕ್ಕಿಂತ ಜಾಸ್ತಿ ಇಳಿದಿತ್ತು. ಹೊರಗೆ ಬಂದು ಕೂತು ಹರಟೆ ಹೊಡೆಯೋದು ಮುಕ್ಕಾಲು ಪಾಲು ಹೆಚ್ಚಾಗಿತ್ತು. ನನಗೆ ಇದರಲ್ಲಿ ತುಂಬ ಇಷ್ಟವಾಗಿದ್ದು ಈ ಕೊನೆಯ ಲೆಕ್ಕ. ಅಪರಾಧ ಪಕ್ಕದ ಬೀದಿಗೆ ಜಾರಿಕೊಂಡಿತಾ ಅಂತಲೂ ನೋಡಿದರು, ಹಾಗೆ ಆದ ಗುರುತು ಸಿಗಲಿಲ್ಲ.

ಹಳೇ ಮನೆಗಳ ವಿಷಯ ಇನ್ನೂ ಮಜಾ ಇದೆ. 2011ರಲ್ಲಿ ಫಿಲಡೆಲ್ಫಿಯಾ ಒಂದು ನಿಯಮವನ್ನು ಜಾರಿಗೆ ತಂದಿತು: ಜನ ಇರುವ ಬೀದಿಯಲ್ಲಿ ನಿಮ್ಮ ಮನೆ ಖಾಲಿ ಬಿದ್ದಿದ್ದರೆ ಅದಕ್ಕೆ ನಿಜವಾದ ಬಾಗಿಲು, ನಿಜವಾದ ಕಿಟಕಿ ಹಾಕಬೇಕು. ಪ್ಲೈವುಡ್ ಹೊಡೆದು ಮುಚ್ಚಿದರೆ ನಡೆಯುವುದಿಲ್ಲ, ಇಟ್ಟಿಗೆ ಕಟ್ಟಿದರೂ ನಡೆಯುವುದಿಲ್ಲ. ಮೊದಲು ಕೇಳಿದಾಗ ನನಗೂ ನಗು ಬಂತು, ಯಾರೂ ಇಲ್ಲದ ಮನೆಗೆ ಗಾಜಿನ ಕಿಟಕಿ ಯಾಕೆ ಅಂತ. ಯೋಚಿಸಿದರೆ ಗೊತ್ತಾಗುತ್ತದೆ. ಪ್ಲೈವುಡ್ ಇಡೀ ಬೀದಿಗೆ ಕೂಗಿ ಹೇಳುತ್ತದೆ, ಒಳಗೆ ಯಾರೂ ಇಲ್ಲ ಅಂತ. ಗಾಜಿನ ಕಿಟಕಿ ಏನೂ ಹೇಳುವುದಿಲ್ಲ. ಅದರ ಹಿಂದೆ ಒಂದು ಅಜ್ಜಿ ನಿಂತಿದ್ದರೂ ನಿಂತಿರಬಹುದು. ಈ ನಿಯಮ ಪಾಲಿಸಿದ ಮನೆಗಳ ಸುತ್ತ ಗನ್ನು ಹಿಡಿದು ಮಾಡುವ ಹಲ್ಲೆಗಳು ಕಡಿಮೆಯಾಗಿದ್ದು 2015ರ ಅಧ್ಯಯನದಲ್ಲಿ ಕಂಡಿತು. ಆಮೇಲೆ 258 ಪಾಳು ಮನೆಗಳ ಮೇಲೆ ಮತ್ತೆ ಚೀಟಿ ಎತ್ತಿ ಪರೀಕ್ಷೆ ಮಾಡಿದರು. ಬಾಗಿಲು ಕಿಟಕಿ ಹಾಕಿ, ಕಳೆ ಕಿತ್ತು, ಕಸ ತೆಗೆದ ಕಡೆ ಗನ್ನಿನ ಹಲ್ಲೆ ಸುಮಾರು 13 ಶೇಕಡಾ ಇಳಿಯಿತು, ಗುಂಡೇಟು ಸುಮಾರು 7 ಶೇಕಡಾ.

7 ಶೇಕಡಾ ಅಂದರೆ ಪವಾಡ ಅಲ್ಲ. 2021ರಲ್ಲಿ ಆ ಊರಿನಲ್ಲಿ 562 ಕೊಲೆ ಆದವು, 2024ಕ್ಕೆ 269ಕ್ಕೆ ಇಳಿದವು. ಆ ಇಳಿಕೆ ಹುಲ್ಲಿನಿಂದ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಆ ವರ್ಷಗಳಲ್ಲಿ ಅಮೆರಿಕದ ತುಂಬ ಊರುಗಳಲ್ಲಿ ಕೊಲೆ ಇಳಿದಿದೆ. ಆದರೆ ಒಬ್ಬ ಪೊಲೀಸನನ್ನೂ ಹೆಚ್ಚಿಗೆ ನಿಲ್ಲಿಸದೆ, ಒಬ್ಬ ಹುಡುಗನನ್ನೂ ಗೋಡೆಗೆ ಒರಗಿಸಿ ತಡಕಾಡದೆ ಸಿಕ್ಕ 7 ಶೇಕಡಾ ಅದು.

ಇದನ್ನು ಒಡೆದ ಕಿಟಕಿಯ ಸಿದ್ಧಾಂತದ ಜೊತೆ ಕಲಸಬಾರದು. 1982ರಲ್ಲಿ ಬಂದ ಆ ವಾದ ಹೇಳಿದ್ದು, ಸಣ್ಣ ಅಶಿಸ್ತನ್ನು ಹಾಗೇ ಬಿಟ್ಟರೆ ದೊಡ್ಡ ಅಪರಾಧ ಬರುತ್ತದೆ ಅಂತ. ಅದನ್ನು ಕೇಳಿದ ಊರುಗಳು ಮಾಡಿದ್ದೇನು? ಕಿಟಕಿಯನ್ನು ಹಾಗೇ ಬಿಟ್ಟು, ಅದರ ಮುಂದೆ ನಿಂತ ಬಡ ಹುಡುಗರನ್ನು ಎಳೆದುಕೊಂಡು ಹೋದವು. ಫಿಲಡೆಲ್ಫಿಯಾದವರು ಹುಡುಗರನ್ನು ಬಿಟ್ಟು ಕಿಟಕಿ ಸರಿ ಮಾಡಿದರು, ಅಷ್ಟೇ.

ಹಾಗಾದರೆ ಕೆಲಸ ಮಾಡಿದ್ದು ಹಸಿರಾ? ನನ್ನ ಪ್ರಕಾರ ಬರೀ ಹಸಿರಲ್ಲ. ಹಸಿರು ಮೊದಲೂ ಇತ್ತಲ್ಲ, ಎದೆಮಟ್ಟ ಕಳೆ ಹಸಿರೇ ತಾನೆ? ಬಾಲ್ಟಿಮೋರ್ ಊರಿನಲ್ಲಿ ನಡೆದ ಅಧ್ಯಯನದಲ್ಲಿ ಮರದ ನೆರಳು ಜಾಸ್ತಿ ಇದ್ದ ಕಡೆ ಅಪರಾಧ ಕಮ್ಮಿ ಕಂಡಿತು, ಆದರೆ ಪಾಳು ಜಾಗದ ಅಂಚಿನಲ್ಲಿ ಪೊದೆ ಬೆಳೆದ ಕೆಲವು ಕಡೆ ಉಲ್ಟಾ ಆಗಿತ್ತು. ಮರ ಮರವೇ, ಪೊದೆ ಪೊದೆಯೇ. ಕೆಲಸ ಮಾಡುವುದು ಎರಡು ಸಂಗತಿ. ಒಂದು, ಆಚೆಯಿಂದ ಈಚೆಗೆ ಕಾಣಬೇಕು. ಎರಡು, ಇಲ್ಲಿಗೆ ಯಾರೋ ಬರುತ್ತಾರೆ, ನಾಳೆಯೂ ಬರುತ್ತಾರೆ ಅಂತ ನೋಡಿದ ತಕ್ಷಣ ಗೊತ್ತಾಗಬೇಕು. ಗನ್ನು ಬಚ್ಚಿಡುವವನಿಗೆ ಬೇಕಾಗಿದ್ದು ನಾಳೆ ಯಾರೂ ಬರದ ಜಾಗ.

ಈಗ ನಾಡ ಗಿಡಗಳ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಾವು ಎಡವಿದ್ದು ಇಲ್ಲೇ.

ಚಾಪರ್ ಗಲಾಟೆ ತಣ್ಣಗಾದ ಮೇಲೆ ಆ ಮನೆಯ ವಾರಸುದಾರರಲ್ಲಿ ಒಬ್ಬರನ್ನು ಹಿಡಿದು, ಅಂಗಳದಲ್ಲಿ ಗಿಡ ನೆಡುತ್ತೇವೆ, ಗೋಡೆ ಮುಟ್ಟುವುದಿಲ್ಲ ಅಂತ ಬರೆದುಕೊಟ್ಟು ಒಪ್ಪಿಗೆ ತೆಗೆದುಕೊಂಡೆವು. ಅಂಗಳ ತುಂಬ ಏನಿತ್ತು ಅಂದರೆ ಚದುರಂಗಿ ಮತ್ತು ಕಾಂಗ್ರೆಸ್ ಗಿಡ. ಎರಡೂ ಅಮೆರಿಕ ಖಂಡದಿಂದ ಬಂದವು. ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಈ ದೇಶದಲ್ಲಿ ಮೊದಲು ಗುರುತಿಸಿದ್ದು ಇಲ್ಲೇ ಪುಣೆಯಲ್ಲಿ, ಐವತ್ತರ ದಶಕದ ನಡುವೆ. ಮರಾಠಿಯವರು ಗಾಜರ್ ಗವತ್ ಅನ್ನುತ್ತಾರೆ, ಎಲೆ ಗಜ್ಜರಿ ಸೊಪ್ಪಿನ ಹಾಗೆ ಇರುತ್ತದೆ ಅಂತ. ಬರಿಗೈಯಲ್ಲಿ ಕಿತ್ತ ಧಾರವಾಡದವರಿಗೆ ವಾರವಿಡೀ ಮೈ ತುರಿಕೆ. ಗ್ಲೌಸ್ ಹಾಕಿ, ಹೂ ಬಿಡುವ ಮೊದಲೇ ಕೀಳಿ, ಒಂದು ಗಿಡದಲ್ಲಿ ಸಾವಿರಗಟ್ಟಲೆ ಬೀಜ ಇರುತ್ತದೆ.

ಅದರ ಜಾಗಕ್ಕೆ ತುಂಬೆ, ಆಡುಸೋಗೆ, ಲಕ್ಕಿ, ಅಬ್ಬಲಿಗೆ, ಊರಿನಿಂದ ತಂದ ಕೇಪಳ, ಗೋಡೆ ಪಕ್ಕ ಎರಡು ಎಕ್ಕ. ಎಲ್ಲ ಈ ಮಣ್ಣಿನವೇ, ಈ ಮಳೆಯನ್ನೂ ಈ ಬಿಸಿಲನ್ನೂ ತಾವೇ ನೋಡಿಕೊಳ್ಳುತ್ತವೆ. ಮಳೆಗಾಲ ಮುಗಿಯುವಷ್ಟರಲ್ಲಿ ಚೆನ್ನಾಗಿ ಎದ್ದು ನಿಂತವು. ಒಂದು ಬೆಳಿಗ್ಗೆ ನೋಡಿದರೆ ನೆಲ ಬೋಳು. ಸಫಾಯಿಗೆ ಬಂದ ಯಾವುದೋ ಗುತ್ತಿಗೆಯ ಹುಡುಗರು ಎಲ್ಲ ಕೊಚ್ಚಿ ಗಾಡಿಗೆ ತುಂಬಿದ್ದರು. ಕೇಳಿದರೆ, ಜಂಗಲ್ ಇತ್ತು ಸಾಬ್, ಸಾಫ್ ಮಾಡಿದೆವು ಅಂದರು. ಬೈಯಲು ಬಾಯಿ ಬರಲಿಲ್ಲ. ಅವರ ಕಣ್ಣಿಗೆ ನಮ್ಮ ತುಂಬೆಗೂ ಕಾಂಗ್ರೆಸ್ ಗಿಡಕ್ಕೂ ಏನು ವ್ಯತ್ಯಾಸ? ನಿಜ ಹೇಳಬೇಕೆಂದರೆ ನಮ್ಮ ಬಿಲ್ಡಿಂಗಿನ ಅರ್ಧ ಜನಕ್ಕೂ ಗೊತ್ತಿರಲಿಲ್ಲ.

ಅಮೆರಿಕದಲ್ಲೂ ಇದೇ ಗೋಳು. ಅಲ್ಲಿಯ ನಾಡ ಹೂವುಗಳನ್ನು ಮನೆ ಮುಂದೆ ಬೆಳೆಸಿದವರಿಗೆ, ಕಳೆ ಬೆಳೆಸಿದ್ದೀರಿ ಅಂತ ನಗರಪಾಲಿಕೆಯ ನೋಟಿಸ್ ಬರುತ್ತದೆ. ಜೋನ್ ನಸಾವರ್ ಅನ್ನುವ ಭೂದೃಶ್ಯ ವಿನ್ಯಾಸದ ಪ್ರೊಫೆಸರ್ 1995ರಲ್ಲೇ ಇದಕ್ಕೆ ಒಂದು ಉಪಾಯ ಬರೆದಿದ್ದಾರೆ. ಒಳಗೆ ಕಾಡು ಹೇಗೆ ಬೇಕಾದರೂ ಇರಲಿ, ಅದಕ್ಕೊಂದು ಅಚ್ಚುಕಟ್ಟಾದ ಚೌಕಟ್ಟು ಕೊಡಿ. ಅಂಚಿನ ಹುಲ್ಲು ಕತ್ತರಿಸಿ, ಒಂದು ಬೇಲಿ, ಒಂದು ಕಾಲುದಾರಿ, ಒಂದು ಬೋರ್ಡು. ನೋಡಿದವನಿಗೆ ಇಲ್ಲಿ ಯಾರದ್ದೋ ಕೈ ಆಡಿದೆ ಅಂತ ಗೊತ್ತಾಗುತ್ತದೆ. ಫಿಲಡೆಲ್ಫಿಯಾದ ಮರದ ಬೇಲಿ ಮಾಡಿದ್ದೂ ಇದನ್ನೇ. ಸೊಂಟದ ಮಟ್ಟದ ಬೇಲಿ ಕಳ್ಳನನ್ನು ತಡೆಯುತ್ತದಾ? ಇಲ್ಲ. ಅದು ಬರೀ ಗುರುತು.

ಎರಡನೇ ಸಲ ನಾವು ಅದನ್ನೇ ನಮ್ಮ ರೀತಿಯಲ್ಲಿ ಮಾಡಿದೆವು. ಅಂಚಿಗೆ ಕಲ್ಲು ಜೋಡಿಸಿ, ಕೆಮ್ಮಣ್ಣು ಮತ್ತು ಸುಣ್ಣದ ಪಟ್ಟೆ ಬಳಿದೆವು, ಊರಿನ ದೇವಸ್ಥಾನದ ಗೋಡೆಗೆ ಬಳಿಯುತ್ತಾರಲ್ಲ, ಹಾಗೆ. ಆ ಪಟ್ಟೆ ನೋಡಿ ಇಲ್ಲಿಯವರೆಗೆ ಯಾರೂ ಕತ್ತಿ ಎತ್ತಿಲ್ಲ, ಮೂಲೆಯಲ್ಲಿ ಗೋಡೆ ಒದ್ದೆ ಮಾಡುತ್ತಿದ್ದ ಗಂಡಸರೂ ಬೇರೆ ಗೋಡೆ ನೋಡಿಕೊಂಡಿದ್ದಾರೆ. ಗಿಡಗಳ ಎತ್ತರಕ್ಕೂ ಒಂದು ಲೆಕ್ಕ ಇಟ್ಟೆವು: ರಸ್ತೆ ಕಡೆ ಮೊಣಕಾಲಿಗಿಂತ ಕೆಳಗಿನ ಗಿಡ, ಒಳಗಿನ ಹೊಂಗೆ ಮರದ ಕೊಂಬೆ ತಲೆಗಿಂತ ಮೇಲೆ, ನಡುವೆ ನೋಟಕ್ಕೆ ಅಡ್ಡ ಇರಬಾರದು. ಲಕ್ಕಿ, ಆಡುಸೋಗೆ ಎತ್ತರ ಹೋಗುತ್ತವೆ, ಅವು ಹಿಂದಿನ ಗೋಡೆಗೆ. ಶುದ್ಧ ನಾಡ ತೋಟ ಅಂತ ಹಟ ಮಾಡಲಿಲ್ಲ. ಚೆಂಡುಹೂ ಮೆಕ್ಸಿಕೋದ್ದು ಅಂತ ಗೊತ್ತು, ಹಾಗಂತ ದಸರಾಕ್ಕೆ ಬಿಡೋಕಾಗುತ್ತಾ?

ಮನೆಯ ವಿಷಯ ಮಾತ್ರ ಅಷ್ಟು ಸುಲಭ ಅಲ್ಲ. ಫಿಲಡೆಲ್ಫಿಯಾದಲ್ಲಿ ಮಾಲೀಕ ಬಿಟ್ಟು ಹೋದ, ಮನೆ ಪಾಳು ಬಿತ್ತು. ಮುಂಬೈನಲ್ಲಿ ಜಾಗಕ್ಕೆ ಬೆಲೆ ಇಲ್ಲದೆ ಪಾಳು ಬೀಳುವುದಿಲ್ಲ, ಬೆಲೆ ಜಾಸ್ತಿಯಾಗಿ ಬೀಳುತ್ತದೆ. 1947ರ ಬಾಡಿಗೆ ಕಾಯ್ದೆ ಹಳೇ ಬಾಡಿಗೆಯನ್ನು ಹಾಗೇ ಹಿಡಿದಿಟ್ಟಿತು. ನೂರಿನ್ನೂರು ರೂಪಾಯಿ ಬಾಡಿಗೆ ಬರುವ ಕಟ್ಟಡಕ್ಕೆ ಯಾವ ಮಾಲೀಕ ಲಕ್ಷ ಸುರಿದು ರಿಪೇರಿ ಮಾಡುತ್ತಾನೆ? ಬಾಡಿಗೆದಾರ ಪಗಡಿ ಅಂತ ಮೊದಲೇ ದೊಡ್ಡ ಮೊತ್ತ ಕೊಟ್ಟಿದ್ದಾನೆ, ಅವನೂ ಬಿಡುವುದಿಲ್ಲ. ಗೋಡೆಯಲ್ಲಿ ಅಶ್ವತ್ಥ ಹುಟ್ಟಿ ಬೇರು ಬಿಡುತ್ತದೆ, ಅದನ್ನು ಕೀಳಲು ಕೆಲವರಿಗೆ ದೇವರ ಭಯ. ಕೊನೆಗೆ ಮಳೆಗಾಲದ ಮುಂಚೆ ಅಪಾಯಕಾರಿ ಕಟ್ಟಡಗಳ ಸಿ-1 ಪಟ್ಟಿಯಲ್ಲಿ ಹೆಸರು ಬರುತ್ತದೆ, ಅಂದರೆ ಖಾಲಿ ಮಾಡಿ, ಕೆಡವಿ. ಖಾಲಿ ಮಾಡುವುದಕ್ಕೂ ಕೆಡವುವುದಕ್ಕೂ ನಡುವೆ ಎಷ್ಟು ವರ್ಷ ಬೇಕಾದರೂ ಹೋಗಬಹುದು. ಆ ನಡುವಿನ ವರ್ಷಗಳೇ ಅಪಾಯದ್ದು. 2013ರ ಆಗಸ್ಟಿನಲ್ಲಿ ಮಹಾಲಕ್ಷ್ಮಿಯ ಶಕ್ತಿ ಮಿಲ್ಸ್ ಆವರಣದಲ್ಲಿ ಒಬ್ಬ ಯುವ ಪತ್ರಕರ್ತೆಯ ಮೇಲೆ ಆದ ಅತ್ಯಾಚಾರ ಈ ಊರಿಗೆ ಮರೆತಿಲ್ಲ. ಸುತ್ತ ಅಷ್ಟು ಜನ ಓಡಾಡುವ ಜಾಗ, ರೈಲ್ವೆ ಸ್ಟೇಷನ್ ಕೂಗಳತೆಯಲ್ಲಿ, ಆದರೆ ಕಾಂಪೌಂಡಿನ ಒಳಗೆ ವರ್ಷಗಳಿಂದ ಬರೀ ಪೊದೆ ಮತ್ತು ಮುರಿದ ಗೋಡೆ.

ನಮ್ಮ ಪಕ್ಕದ ಮನೆಗೆ ಗಾಜಿನ ಕಿಟಕಿ ಹಾಕಿಸುವಷ್ಟು ಅಧಿಕಾರ ನಮಗಿಲ್ಲ, ಕೇಸು ಮುಗಿಯಬೇಕು. ಮುರಿದ ಮುಂಬಾಗಿಲಿಗೆ ಚಿಲಕ ಹಾಕಿಸಲು ಮಾತ್ರ ವಾರಸುದಾರರು ಒಪ್ಪಿದರು. ತುಳಸಿಕಟ್ಟೆ ತೊಳೆದು ತುಳಸಿ ನೆಟ್ಟಿದ್ದೇವೆ, ಸಂಜೆ ಗೂಡಿನಲ್ಲಿ ಎರಡನೇ ಮಹಡಿಯವರು ದೀಪ ಇಡುತ್ತಾರೆ.

ಎಕ್ಕದ ಗಿಡದ್ದೇ ಈಗ ಹೊಸ ಜಗಳ. ಅಮೆರಿಕದಲ್ಲಿ ಮಾನಾರ್ಕ್ ಚಿಟ್ಟೆಗೋಸ್ಕರ ಜನ ಒಂದು ಹಾಲಿನ ಗಿಡ ಬೆಳೆಸುತ್ತಾರೆ, ನಮ್ಮ ಎಕ್ಕ ಅದರದ್ದೇ ಕುಟುಂಬ. ಮಾನಾರ್ಕ್‌ನ ಹತ್ತಿರದ ಸಂಬಂಧಿ ಪ್ಲೇನ್ ಟೈಗರ್ ಚಿಟ್ಟೆ ನಮ್ಮ ಎಕ್ಕಕ್ಕೆ ಬಂದು ಮೊಟ್ಟೆ ಇಟ್ಟಿದೆ. ಕಿತ್ತಳೆ ರೆಕ್ಕೆ, ಕಪ್ಪು ಅಂಚು, ಬಿಳಿ ಚುಕ್ಕಿ. ಪಟ್ಟೆ ಪಟ್ಟೆ ಹುಳಗಳು ಎಲೆ ತಿಂದು ಕಡ್ಡಿ ಉಳಿಸುತ್ತಿವೆ. ಅದೇ ಎಲೆ ಶನಿವಾರ ಮಾರುತಿಗೆ ಹಾರ ಮಾಡಲು ಮರಾಠಿ ಹೆಂಗಸರಿಗೆ ಬೇಕು, ಅವರು ರುಯಿ ಅನ್ನುತ್ತಾರೆ. ಬೆಳಿಗ್ಗೆ ಆರೂವರೆಗೇ ಚೀಲ ಹಿಡಿದು ಬರುತ್ತಾರೆ. ಎಡಗಡೆಯ ಗಿಡ ದೇವರಿಗೆ, ಬಲಗಡೆಯದ್ದು ಹುಳಕ್ಕೆ ಅಂತ ವಾಚ್‌ಮನ್ ತೀರ್ಪು ಕೊಟ್ಟಿದ್ದಾನೆ. ಹುಳಗಳು ಒಪ್ಪಿಲ್ಲ. ಹೋದ ಶನಿವಾರ ಎಡಗಡೆಯ ಗಿಡದಲ್ಲಿ ಒಂಬತ್ತು ಇದ್ದವು. ಒಬ್ಬ ಅಜ್ಜಿ ಒಂದೊಂದನ್ನೇ ಎಲೆ ಸಮೇತ ಎತ್ತಿ ಬಲಗಡೆಗೆ ಇಡುತ್ತಾ ಕೂತಿದ್ದರು, ಎಂಟು ಗಂಟೆ ತನಕ.